ಬಿಳಿಚೋಡಿನಿಂದ ಉಚ್ಚಂಗಿಗೆ: ಒಂದು ದಿನದ ದಾರಿಯ ಓದು

ಕನ್ನಡ ವಿಭಾಗಗಳ ಅಧ್ಯಯನ ಪ್ರವಾಸಕ್ಕೆ ಒಂದು ಸಿದ್ಧ ಮಾದರಿ ರೂಢಿಗೊಂಡಿದೆ. ಹಂಪಿ, ಬಾದಾಮಿ, ಬೇಲೂರು, ಹಳೇಬೀಡು. ಎರಡು ಅಥವಾ ಮೂರು ದಿನ. ಮರಳಿದ ಮೇಲೆ ಒಂದು ವರದಿ. ಈ ಸ್ಥಳಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಚರಿತ್ರೆಯೆಂಬುದು ರಾಜಧಾನಿಗಳಲ್ಲಿ ಮಾತ್ರ ಇರುತ್ತದೆ, ತಾನು ಹುಟ್ಟಿದ ಊರಿಗೆ ಅದು ಸಂಬಂಧಿಸಿದ್ದಲ್ಲ ಎಂಬ ಪಾಠವನ್ನೂ ಈ ಮಾದರಿ ವಿದ್ಯಾರ್ಥಿಗೆ ಪರೋಕ್ಷವಾಗಿ ಕಲಿಸುತ್ತ ಬಂದಿದೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಸಮೀಪದ ಪ್ರವಾಸವು, ತಕ್ಕ ಸಿದ್ಧತೆಯಿದ್ದಲ್ಲಿ, ಶಾಸನ ಮತ್ತು ಸಂಸ್ಕೃತಿ ಅಧ್ಯಯನದ ಪಠ್ಯಕ್ರಮದ ಅಂಗವೇ ಆಗಬೇಕೆಂಬುದು ನನ್ನ ನಿಲುವು.

ಇದಕ್ಕೆ ದಾವಣಗೆರೆ ಜಿಲ್ಲೆಯ ಉತ್ತರದಂಚಿನ ಬಿಳಿಚೋಡು ಪರಿಸರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಜಗಳೂರು ತಾಲ್ಲೂಕಿನ ಈ ಹೋಬಳಿ ಕೇಂದ್ರ ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿದೆ. ಜಗಳೂರು ಎಂದೊಡನೆ ಬರಪೀಡಿತ ತಾಲ್ಲೂಕು ಎಂಬ ವಿಶೇಷಣವೇ ಮೊದಲು ನೆನಪಿಗೆ ಬರುತ್ತದೆ. ಈ ಭಾಗದ ವಿದ್ಯಾರ್ಥಿಗಳನ್ನು ಊರಿನ ಚರಿತ್ರೆಯ ಬಗ್ಗೆ ಕೇಳಿದರೆ ‘ನಮ್ಮ ಕಡೆ ಏನೂ ಇಲ್ಲ ಸರ್’ ಎಂಬ ಉತ್ತರ ಅಪರೂಪವಲ್ಲ. ನೊಳಂಬವಾಡಿ ಮೂವತ್ತಿರ್ಛಾಸಿರವನ್ನು ಕಲ್ಯಾಣ ಚಾಲುಕ್ಯರ ಅಧೀನದಲ್ಲಿ ಆಳಿದ ಪಾಂಡ್ಯರ ನೆಲೆಯಾದ ಉಚ್ಚಂಗಿದುರ್ಗವು ಅವರ ಮನೆಯಿಂದ ಬಹು ದೂರವೇನೂ ಇಲ್ಲ. ಈ ಅರಿವಿನ ಕೊರತೆಗೆ ವಿದ್ಯಾರ್ಥಿಯನ್ನು ದೂರುವುದು ಸಲ್ಲದು. ಅದಕ್ಕೆ ನಮ್ಮ ಓದಿನ ಕ್ರಮವೇ ಹೊಣೆ.

ಇದಕ್ಕೊಂದು ಚಾರಿತ್ರಿಕ ಕಾರಣವೂ ಇದೆ. ಬಿಳಿಚೋಡು ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಉಚ್ಚಂಗಿದುರ್ಗವಿರುವ ಹರಪನಹಳ್ಳಿ ತಾಲ್ಲೂಕು 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯದು. ಹೀಗಾಗಿ ಜಗಳೂರು, ದಾವಣಗೆರೆ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಸೇರಿದವು. ಹರಪನಹಳ್ಳಿ ಕಡೆಯವು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿ 1939ರಲ್ಲಿ ಪ್ರಕಟವಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೆಯ ಸಂಪುಟಕ್ಕೆ ಹೋದವು. ದಕ್ಷಿಣಕ್ಕಿರುವ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯ 7ನೆಯ ಸಂಪುಟದಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ಮೂರೂ ಕಡೆಯ ತಾಲ್ಲೂಕುಗಳು ಒಂದೆಡೆ ಸೇರಿದವು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿತು. 2021ರಿಂದ ಅದು ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯನ್ನೇ ಘಟಕವಾಗಿ ಇಟ್ಟುಕೊಂಡು ಪ್ರಬಂಧಗಳನ್ನು ಬರೆಯಿಸುವ ನಮ್ಮ ಸಂಶೋಧನೆಗೆ ಈ ಗಡಿಗಳು ಸಹಜವೆಂಬಂತೆ ಒಗ್ಗಿಹೋಗಿವೆ. ನೊಳಂಬವಾಡಿಗೆ ಈ ಗಡಿಗಳಾವುವೂ ತಿಳಿದಿರಲಿಲ್ಲ. ಎರಡು ಸಂಪುಟಗಳ ನಡುವಿನ ಈ ಸೀಳನ್ನು ದಾಟಲು ಒಂದು ಬಸ್ಸು ಮತ್ತು ಒಂದು ಹಗಲು ಸಾಕು.

ದಾವಣಗೆರೆಯಿಂದ ಬಿಳಿಚೋಡಿಗೆ ಬರುವಾಗ ದಾರಿಯಲ್ಲಿ ಅಣಜಿ ಸಿಗುತ್ತದೆ. ಈ ಊರಿನ ಶಾಸನವನ್ನು ನಾವು ಕದಂಬ ಚರಿತ್ರೆಯ ಅಡಿಟಿಪ್ಪಣಿಗಳಲ್ಲಿ ಮಾತ್ರ ಕಂಡಿರುತ್ತೇವೆ. ಪಲ್ಲವ ನಣಕ್ಕಾಸನೊಡನೆ ನಡೆದ ಯುದ್ಧದಲ್ಲಿ ಕೃಷ್ಣವರ್ಮನ ಸೇನೆ ಸೋತುದನ್ನೂ ಶಿವನಂದವರ್ಮನೆಂಬಾತ ದರ್ಭೆಯ ಹಾಸಿನ ಮೇಲೆ ಮಲಗಿದುದನ್ನೂ ಅದು ಹೇಳುತ್ತದೆ. ವಿಜಯದ ಬಿರುದಾವಳಿಗಳನ್ನೇ ಓದಿ ರೂಢಿಯಾದವರಿಗೆ ಸೋಲನ್ನು ದಾಖಲಿಸುವ ಈ ಬರಹ ಬೇರೆ ಪ್ರಶ್ನೆಗಳನ್ನು ಎತ್ತುತ್ತದೆ. ಈ ಬಯಲಿನ ಮೇಲೆ ಬನವಾಸಿಗೂ ಪಲ್ಲವರಿಗೂ ಏಕೆ ಆಸಕ್ತಿಯಿತ್ತು ಎಂಬುದನ್ನು ತರಗತಿಯ ಗೋಡೆಯ ಮೇಲಿನ ಭೂಪಟಕ್ಕಿಂತ ಊರ ಹೊರಗಿನ ಏರಿಯೊಂದರ ಮೇಲೆ ನಿಂತು ಚರ್ಚಿಸುವುದು ಹೆಚ್ಚು ಫಲಕಾರಿ. ಅದೇ ದಿನ ಹರಪನಹಳ್ಳಿ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಹೋದರೆ ರಾಷ್ಟ್ರಕೂಟ ಕಾಲದಿಂದ ಚಾಲುಕ್ಯ ತೈಲಪನ ಕಾಲಕ್ಕೆ ನಾಡು ದಾಟಿದ ಸಂಧಿಕಾಲ ಕಣ್ಣೆದುರಿಗೆ ನಿಲ್ಲುತ್ತದೆ. ಲಿಪಿಯ ಸ್ಥಿತ್ಯಂತರವನ್ನು ಮುದ್ರಿತ ಪಾಠ ತೋರಿಸಲಾರದು, ಕಲ್ಲು ತೋರಿಸುತ್ತದೆ.

ಉಚ್ಚಂಗಿಯ ಬೆಟ್ಟದ ಮೇಲೆ ಮಾತ್ರ ಪ್ರವಾಸದ ಸ್ವರೂಪವೇ ಬದಲಾಗಬೇಕಾಗುತ್ತದೆ. ಅಲ್ಲಿರುವುದು ಪಾಳುಬಿದ್ದ ಕೋಟೆಯೊಂದೇ ಅಲ್ಲ. ಉಚ್ಚಂಗೆಮ್ಮನ ಜೀವಂತ ಕ್ಷೇತ್ರವೂ ಹೌದು. ಭರತ ಹುಣ್ಣಿಮೆಗೆ ಅಲ್ಲಿ ಸೇರುವ ಜನಸಾಗರದಲ್ಲಿ ಭಕ್ತಿಯಿದೆ, ಜೋಗತಿಯರ ಹಾಡಿನ ಪರಂಪರೆಯಿದೆ. ಜೊತೆಗೆ ತಳಸಮುದಾಯಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ನೋವಿನ ಚರಿತ್ರೆಯೂ ಇದೆ. ಅದನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯವು 1982ರಲ್ಲಿಯೇ ರೂಪಿಸಬೇಕಾಯಿತು. ಪರಂಪರೆ ಎಂಬ ಪದವನ್ನು ಹೆಮ್ಮೆಯ ಅರ್ಥದಲ್ಲಷ್ಟೇ ಬಳಸುವ ಪ್ರವಾಸವು ಇದನ್ನು ಮರೆಮಾಚುತ್ತದೆ. ವಿದ್ಯಾರ್ಥಿಗಳಲ್ಲಿ ಕೆಲವರು ಆ ಸಮುದಾಯಗಳಿಂದಲೇ ಬಂದವರು ಎಂಬುದನ್ನು ಮಾರ್ಗದರ್ಶಕರು ಮರೆಯಬಾರದು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಒಂದು ದಿನದಲ್ಲಿ ಸಂಶೋಧನೆ ಸಾಧ್ಯವೇ, ಇದು ವನಭೋಜನವಾಗುವುದಿಲ್ಲವೇ ಎಂಬುದು ಮೊದಲನೆಯದು. ಈ ಅಪಾಯ ನಿಜ. ಆದರೆ ಮೂರು ದಿನದ ಹಂಪಿ ಪ್ರವಾಸಕ್ಕೂ ಅದು ಅಷ್ಟೇ ಅನ್ವಯಿಸುತ್ತದೆ. ಒಂದು ದಿನದ ಪ್ರವಾಸಕ್ಕಿರುವ ವಿಶೇಷ ಅನುಕೂಲವೆಂದರೆ ಅದನ್ನು ಮತ್ತೆ ಕೈಗೊಳ್ಳಬಹುದು. ಹಂಪಿಗೆ ವಿದ್ಯಾರ್ಥಿ ಒಮ್ಮೆ ಹೋಗುತ್ತಾನೆ; ಅಣಜಿಗೆ ನಾಲ್ಕು ಬಾರಿ ಹೋಗಬಲ್ಲ. ಸಂಶೋಧನೆ ಹುಟ್ಟುವುದು ಈ ಮರುಭೇಟಿಯಲ್ಲಿ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಜಗಳೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಮತ್ತು ಮ್ಯಾಸಬೇಡರ ಹಟ್ಟಿಗಳಿಗೆ ನಲವತ್ತು ಮಂದಿ ಬಸ್ಸಿನಲ್ಲಿ ಹೋಗಿ ಇಳಿದರೆ ಅಲ್ಲಿನ ಬದುಕು ಪ್ರದರ್ಶನದ ವಸ್ತುವಾಗುವುದಿಲ್ಲವೇ? ಖಂಡಿತ ಆಗುತ್ತದೆ. ಚಳ್ಳಕೆರೆ ಸೀಮೆಯ ಕಾಡುಗೊಲ್ಲ ಗಾಯಕಿ ಸಿರಿಯಜ್ಜಿ ನಮಗೆ ನಾಡೋಜರಾಗಿ ಪರಿಚಿತರಾದುದರ ಹಿಂದೆ ಕೃಷ್ಣಮೂರ್ತಿ ಹನೂರರಂಥವರ ತಾಳ್ಮೆಯ ಕ್ಷೇತ್ರಕಾರ್ಯವಿತ್ತು; ಒಂದು ಮಧ್ಯಾಹ್ನದ ಭೇಟಿಯಿಂದ ಅಂಥದು ಸಾಧ್ಯವಾಗದು. ಆದ್ದರಿಂದ ಕಲ್ಲುಗಳ ಬಳಿಗೆ ತರಗತಿಯೇ ಹೋಗಲಿ; ಜನರ ಬಳಿಗೆ ಒಬ್ಬಿಬ್ಬರು, ಕರೆದರೆ ಮಾತ್ರ, ಹೋಗಲಿ ಎಂಬ ಭೇದವನ್ನು ನಾವು ಪಾಲಿಸಬೇಕಾಗುತ್ತದೆ.

ಇಷ್ಟು ಒಪ್ಪಿತವಾದರೆ ಕೆಲವು ಸರಳ ನಿಯಮಗಳನ್ನು ವಿಭಾಗಗಳು ಅಳವಡಿಸಿಕೊಳ್ಳಬಹುದು. ನೋಡಲಿರುವ ಶಾಸನದ ಮುದ್ರಿತ ಪಾಠವನ್ನು ಹೊರಡುವ ಮೊದಲೇ ತರಗತಿಯಲ್ಲಿ ಓದಿರಬೇಕು. ಸ್ಥಳದಲ್ಲಿ ಅದನ್ನು ಕಲ್ಲಿನೊಡನೆ ಹೋಲಿಸಿ, ಸವೆದ ಅಕ್ಷರ, ಒಡೆದ ಸಾಲು, ಕಲ್ಲಿನ ಈಗಿನ ಸ್ಥಿತಿಗಳನ್ನು ಗುರುತು ಹಾಕಬೇಕು. ಆ ಊರಿನ ವಿದ್ಯಾರ್ಥಿಯಿದ್ದರೆ ಆ ದಿನದ ಮಟ್ಟಿಗೆ ಅವನೋ ಅವಳೋ ಉಪನ್ಯಾಸಕ, ನಾವು ಶ್ರೋತೃಗಳು. ಕೊನೆಯದಾಗಿ, ವರದಿಯ ಒಂದು ಪ್ರತಿ ವಿಭಾಗದ ಕಪಾಟಿಗೆ ಹೋಗುವ ಮೊದಲು ಆ ಊರಿನ ಶಾಲೆಗೆ ಅಥವಾ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ತಲುಪಬೇಕು. ರೈಸ್ ಅವರ ಕಾಲದಿಂದಲೂ ಹಳ್ಳಿಗಳು ತಮ್ಮ ಕಲ್ಲುಗಳ ಪಾಠವನ್ನು ವಿದ್ವಾಂಸರಿಗೆ ಕೊಡುತ್ತಲೇ ಬಂದಿವೆ. ಅದರ ಅರ್ಥ ಮಾತ್ರ ಅವಕ್ಕೆ ಅಷ್ಟಾಗಿ ಮರಳಿ ಬಂದಿಲ್ಲ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪ್ರಕಟವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಶಾಸನಗಳಲ್ಲಿ ಸಾಮಾನ್ಯರ ಬದುಕನ್ನು ಅರಸುವ ದಾರಿಯನ್ನು ಅದು ತೆರೆಯಿತು. ಆ ಸಾಮಾನ್ಯರ ವಾರಸುದಾರರು ಇಂದು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಅವರನ್ನು ಅವರ ಊರಿನ ಕಲ್ಲಿನ ಮುಂದೆ ಒಂದು ದಿನವಾದರೂ ನಿಲ್ಲಿಸುವುದು ಕನ್ನಡ ವಿಭಾಗಗಳ ಕನಿಷ್ಠ ಕರ್ತವ್ಯವೆಂದು ನಾನು ಭಾವಿಸುತ್ತೇನೆ.