ಕೋಡಿಯಲ್ಲಿ ನೊರೆ, ಮುಡಿಯಲ್ಲಿ ಮಲ್ಲಿಗೆ

ಸಂಜೆ ಕಾಡುಗೋಡಿಯಲ್ಲಿ ಮೆಟ್ರೊ ಇಳಿದರೆ ಹೂವಿನ ಬುಟ್ಟಿ ಎದುರಾಗುತ್ತದೆ. ದುಡ್ಡು ಹೋಗುವುದು ಫೋನಿನಿಂದ, ಕೊಳ್ಳುವವರ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಮಲ್ಲಿಗೆಯನ್ನು ಅಳೆಯುವುದು ಮಾತ್ರ ಇಂದಿಗೂ ಮೊಳದಲ್ಲೇ.

ಆದರೂ ವೈಟ್‌ಫೀಲ್ಡಿನಲ್ಲಿ ಪ್ರೇಮಗೀತೆ ಹುಟ್ಟೀತೇ ಎಂದರೆ ಕಾವ್ಯಪ್ರಿಯರು ಮೂಗು ಮುರಿಯುತ್ತಾರೆ. ಬೆಳದಿಂಗಳಿಗೆ ಗಾಜಿನ ಕಟ್ಟಡಗಳ ಅಡ್ಡಿ, ತಂಗಾಳಿಯ ತುಂಬ ಟ್ಯಾಂಕರ್ ಎಬ್ಬಿಸಿದ ಧೂಳು. ವರ್ತೂರು ಕೆರೆಯ ಕೋಡಿಯಲ್ಲಿ 2015ರಲ್ಲಿ ಉಕ್ಕಿದ ನೊರೆ ಹಾರಿ ರಸ್ತೆಗೇ ಬಿದ್ದಿತ್ತು. ಪ್ರಕೃತಿಯೇ ಹೀಗಾದ ಮೇಲೆ ಭಾವಗೀತೆ ಎಲ್ಲಿಂದ ಬರಬೇಕು?

ಹೀಗೆ ಕೇಳುವವರು 'ಮೈಸೂರು ಮಲ್ಲಿಗೆ'ಯನ್ನು ಇನ್ನೊಮ್ಮೆ ಓದಬೇಕು. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ಈ ಸಂಕಲನದಲ್ಲಿ ಹೊಳೆ, ದಾರಿ, ಹೂವು ಬರುವುದು ಬರೀ ಅಂದಕ್ಕಲ್ಲ. ಗಂಡಹೆಂಡಿರ ನಡುವಿನ ದೂರ ಅಳೆಯುವುದಕ್ಕೆ. ಕೆಲವೆಡೆ ಆ ದೂರವೂ ಇಲ್ಲ. ಮಾವನ ಮನೆಗೆ ರಾತ್ರಿ ಬಂದ ರಾಯರಿಗೆ ಉಪಚಾರವೆಲ್ಲ ಆಗುತ್ತದೆ, ಮಡದಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಯಾಕೆಂದು ಕವಿ ಬಿಡಿಸಿ ಹೇಳುವುದಿಲ್ಲ. ಅಂದಿನ ಮನೆಗಳ ಪದ್ಧತಿ ಬಲ್ಲವರಿಗೆ ಹೇಳಬೇಕಾಗಿಯೂ ಇಲ್ಲ. ಒಂದೇ ಸೂರು, ನಡುವೆ ಒಂದು ಗೋಡೆ: ಅಷ್ಟರಲ್ಲೇ ವಿರಹ.

ಈ ಗೋಡೆ ವೈಟ್‌ಫೀಲ್ಡಿಗೆ ಹೊಸದೇನಲ್ಲ. ಅವನು ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಜಾವ ಕ್ಯಾಬಿನಿಂದ ಇಳಿಯುತ್ತಾನೆ, ಎಂಟಕ್ಕೆ ಅವಳು ಬಸ್ಸು ಹತ್ತುತ್ತಾಳೆ. ಅವಳಿಟ್ಟ ಫ್ಲಾಸ್ಕಿನ ಕಾಫಿ ಅವನು ಏಳುವ ಹೊತ್ತಿಗೆ ಆರಿರುತ್ತದೆ. ಇದನ್ನು ಬರೆಯಲು ಬೆಳದಿಂಗಳು ಯಾಕೆ ಬೇಕು? ಹಾಗೆಂದು ಸಿಲ್ಕ್ ಬೋರ್ಡಿನ ಟ್ರಾಫಿಕ್ ಗೋಳನ್ನೆಲ್ಲ ಸಾಲು ಮುರಿದು ಬರೆದರೆ ಅದು ಕವಿತೆಯಾಗದು. ರಾಯರ ಪದ್ಯದ ಹಾಗೆ ಎಲ್ಲಿ ಬಾಯಿ ಮುಚ್ಚಬೇಕೆಂಬುದೂ ಗೊತ್ತಿರಬೇಕು.

ನವ್ಯರು ಭಾವಗೀತೆಯ ಕಾಲ ಮುಗಿಯಿತೆಂದುಕೊಂಡಿದ್ದರು. ಅದನ್ನು ಮನೆಮನೆಗೆ ಮರಳಿ ತಂದದ್ದು ಸಂಗೀತ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು. ಆ ಋಣ ದೊಡ್ಡದು, ಆದರೆ ಒಂದು ತಕರಾರೂ ಇದೆ: ರಾಗದ ಇಂಪಿನಲ್ಲಿ ಬೆಳದಿಂಗಳು ಉಳಿಯಿತು, ಗೋಡೆ ಮರೆಯಾಯಿತು. ಈಗ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಭಾವಗೀತೆ ಎಂದರೆ ಅಜ್ಜನ ಊರಿನ ನೆನಪು. ಹಾಡುವವರ ಹದಿನಾಲ್ಕನೆಯ ಮಹಡಿಗೆ ಅದರಲ್ಲಿ ಜಾಗವಿಲ್ಲ.

ಪ್ರಕೃತಿಯೂ ಪೂರ್ತಿ ಗುಳೆ ಹೋಗಿಲ್ಲ. ಬೇಸಿಗೆಯಲ್ಲಿ ರಸ್ತೆ ಬದಿಯ ಹೊಂಗೆ ಪುರಿ ಚೆಲ್ಲಿದಂತೆ ಹೂ ಉದುರಿಸುತ್ತದೆ. ರಾತ್ರಿಯಿಡೀ ಮರದಡಿ ನಿಂತ ಕ್ಯಾಬಿನ ಗಾಜು ಬೆಳಗಾಗುವುದರೊಳಗೆ ಬೆಳ್ಳಗಾಗಿರುತ್ತದೆ. ಡ್ರೈವರು ಹೊರಡುವ ಮೊದಲು ಒಮ್ಮೆ ವೈಪರ್ ಆಡಿಸುತ್ತಾನೆ. ಅಂಚಿನಲ್ಲಿ ಸಿಕ್ಕಿಕೊಂಡ ನಾಲ್ಕಾರು ಹೂವು ಹೋಪ್ ಫಾರ್ಮ್ ಸಿಗ್ನಲ್‌ವರೆಗೂ ಜೊತೆಗೆ ಬರುತ್ತವೆ.