ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಬದುಕಿನ ಅಂದಾಜು ತಿಳಿಯುವುದು ನಮ್ಮ ಹಕ್ಕು: ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ದೊಡ್ಡಕರುಳು ಅಥವಾ ಗುದನಾಳದ ಗೆಡ್ಡೆ ತೆಗೆಸಿಕೊಂಡವರು ಮತ್ತು ಅವರ ಮನೆಮಂದಿ ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಆಪರೇಷನ್ ಆದ ಮೇಲೆ ಬಯಾಪ್ಸಿ ರಿಪೋರ್ಟ್ ಕೈಗೆ ಬರುತ್ತದೆ. ಅದರಲ್ಲಿ ‘ಪಿಟಿ3 ಎನ್1ಬಿ, 2/7’ ಎಂಬಂಥ ಒಂದು ಸಾಲು ಇರುತ್ತದೆ. ವೈದ್ಯರು ಮಗನನ್ನೋ ಅಳಿಯನನ್ನೋ ಹೊರಗೆ ಕರೆದು, “ಸ್ವಲ್ಪ ಮುಂದುವರಿದಿದೆ, ನೋಡೋಣ” ಎನ್ನುತ್ತಾರೆ. ಹಾಸಿಗೆಯಲ್ಲಿ ಮಲಗಿದವರಿಗೆ ಅಷ್ಟೂ ಹೇಳುವುದಿಲ್ಲ.

ಮುಂದಿನ ಐದು ವರ್ಷಗಳ ಲೆಕ್ಕದ ಬಹುಪಾಲು ಇರುವುದು ಆ ಒಂದೇ ಸಾಲಿನಲ್ಲಿ. ಅದರಲ್ಲಿ ‘ಟಿ’ ಎಂದರೆ ಗೆಡ್ಡೆ ಇಳಿದ ಆಳ, ‘ಎನ್’ ಎಂದರೆ ದುಗ್ಧಗ್ರಂಥಿಗಳಿಗೆ ಹರಡಿದ ಪ್ರಮಾಣ. ಗೆಡ್ಡೆ ಕರುಳಿನ ಗೋಡೆಯನ್ನು ಎಷ್ಟು ಆಳ ಕೊರೆದಿದೆ, ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬ ಎರಡು ಪ್ರಶ್ನೆಗಳ ಮೇಲೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ 1932ರಲ್ಲೇ ಗುದನಾಳದ ಕ್ಯಾನ್ಸರನ್ನು ವರ್ಗೀಕರಿಸಿದ್ದರು. ಆ ವಿದ್ಯೆ ಈಗ ಬಹಳ ಬೆಳೆದಿದೆ. ಅದರ ಪ್ರಯೋಜನ ನಮಗೂ ಸಿಗಬೇಕೆಂದು ಕೆಳಗಿನ ಹಕ್ಕೊತ್ತಾಯಗಳನ್ನು ಮಂಡಿಸುತ್ತಿದ್ದೇವೆ.

1. ರೋಗಿಗೇ ಹೇಳಬೇಕು. ರೋಗ ಯಾವ ಹಂತದಲ್ಲಿದೆ, ಬದುಕುಳಿಯುವ ಸಾಧ್ಯತೆ ಎಷ್ಟು ಎಂಬುದನ್ನು ಮೊದಲು ರೋಗಿಗೆ, ಕನ್ನಡದಲ್ಲಿ, ಬರಹದಲ್ಲೂ ಕೊಡಬೇಕು. ತಿಳಿಯುವುದು ಬೇಡ ಎನ್ನುವವರ ಮಾತನ್ನೂ ಗೌರವಿಸಬೇಕು. ಆದರೆ ಆ ತೀರ್ಮಾನ ರೋಗಿಯದೇ ಆಗಿರಬೇಕು, ನೆಂಟರದ್ದಲ್ಲ.

2. ಕನಿಷ್ಠ 12 ದುಗ್ಧಗ್ರಂಥಿಗಳ ಪರೀಕ್ಷೆ ಆಗಬೇಕು. 2/7 ಎಂದರೆ ಏಳು ಗ್ರಂಥಿಗಳನ್ನು ನೋಡಿ ಎರಡರಲ್ಲಿ ಕ್ಯಾನ್ಸರ್ ಕಂಡಿದ್ದಾರೆ ಎಂದರ್ಥ. ಇನ್ನಷ್ಟು ಹುಡುಕಿ ನಾಲ್ಕರಲ್ಲಿ ಕಂಡಿದ್ದರೆ ಆ ರೋಗಿಯ ವರ್ಗವೇ ಬದಲಾಗುತ್ತಿತ್ತು. ಸಂಖ್ಯೆ 12ಕ್ಕಿಂತ ಕಡಿಮೆಯಾದರೆ ತೆಗೆದ ಭಾಗವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಮೊದಲೇ ರೇಡಿಯೇಷನ್ ಪಡೆದ ಗುದನಾಳದ ರೋಗಿಗಳಲ್ಲಿ ಗ್ರಂಥಿಗಳು ಕಡಿಮೆ ಸಿಗಬಹುದು. ಆಗ ಕಾರಣವನ್ನು ಬರೆಯಬೇಕು.

3. ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ರಿಪೋರ್ಟ್ ಇರಬೇಕು. ಹಂತವೊಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಗ್ರಂಥಿಗೆ ಹರಡದಿದ್ದರೂ ಕರುಳಿನ ಗೋಡೆ ದಾಟಿದ ಟಿ4 ಗೆಡ್ಡೆಯವರ ಸ್ಥಿತಿ, ಗ್ರಂಥಿಗೆ ಹರಡಿದ ಮೂರನೇ ಹಂತದ ಆರಂಭದಲ್ಲಿರುವವರಿಗಿಂತ ಕೆಟ್ಟದಾಗಿರಬಹುದು. ಗೆಡ್ಡೆ ರಕ್ತನಾಳಕ್ಕೆ, ನರಕ್ಕೆ ನುಗ್ಗಿದೆಯೇ, ಕತ್ತರಿಸಿದ ಅಂಚಿನಿಂದ ಎಷ್ಟು ಮಿಲಿಮೀಟರ್ ದೂರದಲ್ಲಿತ್ತು, ಕರುಳು ಕಟ್ಟಿಕೊಂಡಿತ್ತೇ, ತೂತಾಗಿತ್ತೇ, ಆಪರೇಷನ್‌ಗೆ ಮುಂಚೆ ರಕ್ತದಲ್ಲಿ ಸಿಇಎ ಎಂಬ ಕ್ಯಾನ್ಸರ್ ಸೂಚಕ ಎಷ್ಟಿತ್ತು ಎಂಬುದೆಲ್ಲ ದಾಖಲಾಗಬೇಕು.

4. ಎಂಎಂಆರ್ ಪರೀಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಮಾಡಬೇಕು. ಡಿಎನ್‌ಎ ತಪ್ಪುಗಳನ್ನು ಸರಿಪಡಿಸುವ ನಾಲ್ಕು ಪ್ರೋಟೀನ್‌ಗಳು ಗೆಡ್ಡೆಯಲ್ಲಿವೆಯೇ ಎಂದು ನೋಡುವ ಪರೀಕ್ಷೆಯಿದು. ಗ್ರಂಥಿಗೆ ಹರಡದ ಎರಡನೇ ಹಂತದಲ್ಲಿ ಇವುಗಳ ಕೊರತೆಯಿರುವವರು ಹೆಚ್ಚು ಕಾಲ ಬದುಕುವ ಸಾಧ್ಯತೆಯಿದೆ. ಮನೆತನದಲ್ಲಿ ಹರಿದುಬರುವ ಲಿಂಚ್ ಸಿಂಡ್ರೋಮ್‌ನ ಸುಳಿವೂ ಇಲ್ಲೇ ಸಿಗುತ್ತದೆ. ಸುಳಿವು ಸಿಕ್ಕರೆ ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಮುಂಚಿತವಾಗಿ ತಪಾಸಣೆ ಮಾಡಿಸಿಕೊಳ್ಳಬಹುದು.

5. ನಮ್ಮ ಜನರ ಅಂಕಿಅಂಶ ನಮಗೆ ಬೇಕು. ಕ್ಯಾನ್ಸರ್ ಕರುಳಿನಲ್ಲೇ ಉಳಿದಿದ್ದರೆ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ ಎಂಬುದು ಅಮೆರಿಕದ ಲೆಕ್ಕ. ನಮ್ಮಲ್ಲಿ ಎಳೆ ವಯಸ್ಸಿನ ರೋಗಿಗಳು ಹೆಚ್ಚು; ತಡವಾಗಿ ಬರುವವರು, ದುಡ್ಡಿಲ್ಲದೆ ಕೀಮೋ ಅರ್ಧಕ್ಕೆ ಬಿಡುವವರು ಬಹಳ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಅಂಥ ವ್ಯವಸ್ಥೆಯನ್ನು ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿ, ಹಂತವಾರು ಬದುಕುಳಿದವರ ಪ್ರಮಾಣವನ್ನು ವರ್ಷವರ್ಷವೂ ಪ್ರಕಟಿಸಬೇಕು. ಹೊರದೇಶದ ಲೆಕ್ಕಾಚಾರದ ಸೂತ್ರಗಳನ್ನು ನಮ್ಮ ರೋಗಿಗಳ ಮೇಲೆ ಪರಿಶೀಲಿಸದೆ ಬಳಸಬಾರದು.

6. ಅಂದಾಜಿನ ನೆಪದಲ್ಲಿ ಚಿಕಿತ್ಸೆ ನಿರಾಕರಿಸಬಾರದು. ನೂರಾರು ಜನರನ್ನು ನೋಡಿ ಕಟ್ಟಿದ ಲೆಕ್ಕ ಒಬ್ಬ ವ್ಯಕ್ತಿಯ ಹಣೆಬರಹವಲ್ಲ. ಯಕೃತ್ತಿಗೆ ಹರಡಿದ್ದರೂ ಆಯ್ದ ರೋಗಿಗಳಲ್ಲಿ ಆ ಭಾಗವನ್ನು ಕತ್ತರಿಸಿ ತೆಗೆದರೆ ಬಹುಕಾಲ ಬದುಕುವವರಿದ್ದಾರೆ. ತಜ್ಞರ ತಂಡ ಕೂಡಿ ನೋಡದೆ “ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ” ಎನ್ನಬಾರದು.

7. ಅಪಾಯಕ್ಕೆ ತಕ್ಕಷ್ಟೇ ಕೀಮೋ ಕೊಡಬೇಕು. ಮೂರನೇ ಹಂತದಲ್ಲೂ ಅಪಾಯ ಕಡಿಮೆ ಇರುವವರಿಗೆ, ಕೇಪ್‌ಸಿಟಬಿನ್–ಆಕ್ಸಾಲಿಪ್ಲಾಟಿನ್ ಔಷಧಿಗಳಾದರೆ, ಆರು ತಿಂಗಳ ಬದಲು ಮೂರು ತಿಂಗಳು ಸಾಕಾಗಬಹುದೆಂದು 2018ರಲ್ಲಿ ಪ್ರಕಟವಾದ ‘ಐಡಿಯಾ’ ಅಧ್ಯಯನ ತೋರಿಸಿದೆ. ಅವಧಿ ಕಡಿಮೆಯಾದರೆ ಕೀಮೋದಿಂದ ಕೈಕಾಲು ಜೋಮು ಹಿಡಿಯುವುದೂ ಬಹಳ ಕಡಿಮೆಯಾಗುತ್ತದೆ. ಹೊಲಿಗೆಯವರಿಗೆ, ನೇಕಾರರಿಗೆ ಬೆರಳಿನ ಸ್ಪರ್ಶ ಹೋದರೆ ಅನ್ನವೇ ಹೋದಂತೆ. ಅಪಾಯದ ಅಳತೆಗೆ ಗ್ರಂಥಿಗಳ ಎಣಿಕೆಯೂ ಆಧಾರ; ಅದು ಸರಿಯಿಲ್ಲದಿದ್ದರೆ ಈ ನಿರ್ಧಾರವೂ ಸರಿಯಾಗದು.

8. ಐದು ವರ್ಷದ ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗಬೇಕು. ರೋಗ ಮರುಕಳಿಸುವುದು ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿ. ಸಿಇಎ, ಸಿಟಿ ಸ್ಕ್ಯಾನ್, ವರ್ಷದೊಳಗೆ ಕೊಲೊನೊಸ್ಕೋಪಿ, ಇಷ್ಟನ್ನೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಉಚಿತವಾಗಿ ಮಾಡಬೇಕು. ರೋಗ ಮರಳದೆ ಕಳೆದ ಪ್ರತಿ ವರ್ಷವೂ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸ ಅಂದಾಜು ಹಾಕಿ ರೋಗಿಗೆ ತಿಳಿಸಬೇಕು.

ಮಾನ್ಯರೇ, ಮೊದಲ ಮೂರು ಬೇಡಿಕೆಗಳಿಗೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ಇಲಾಖೆಯ ಒಂದು ಸುತ್ತೋಲೆ ಸಾಕು. ಅದನ್ನು ಕೂಡಲೇ ಹೊರಡಿಸಿ, ಉಳಿದ ಬೇಡಿಕೆಗಳಿಗೆ ಬರುವ ಬಜೆಟ್‌ನಲ್ಲಿ ಹಣ ಮೀಸಲಿಡಬೇಕೆಂದು ಆಗ್ರಹಿಸುತ್ತೇವೆ.

ಇಂತಿ,
ಕರುಳಿನ ಕ್ಯಾನ್ಸರ್ ರೋಗಿಗಳು ಮತ್ತು ಅವರ ಕುಟುಂಬದವರು