ದುಡಿಯುವ ಮೈಗೂ ಹದ ಬೇಕು

"ದಿನಕ್ಕೆ ಹತ್ತು ತಾಸು ದುಡಿಯುವ ನಮಗೆ ಅಂಗಸಾಧನೆಯ ಉಪಚಾರವೇಕೆ? ಮೈ ತಾನಾಗಿಯೇ ಹುರಿಗೊಂಡಿದೆಯಲ್ಲ!" ಎನ್ನುವ ಬಂಧುಗಳು ನಮ್ಮಲ್ಲಿ ಬಹಳ. ಈ ಮಾತನ್ನು ನಾವು ಒಪ್ಪಲಾರೆವು.

ದುಡಿಮೆ ಬೇರೆ, ಮೈಯ ಹದ ಬೇರೆ. ತಟ್ಟೆ ಹೊತ್ತು ಓಡಾಡುವ ಮಾಣಿಯ ಹೆಗಲು ಒಂದೇ ಭಂಗಿಯಲ್ಲಿ ಬಿಗಿಯುತ್ತದೆ. ಪಾತ್ರೆ ತಿಕ್ಕುವವನ ಸೊಂಟ ದಿನವಿಡೀ ಮುಂದಕ್ಕೇ ಬಾಗಿರುತ್ತದೆ. ಮಗ್ಗದ ಮುಂದೆ ನಿಂತವನ ಮೀನಖಂಡ ಕಲ್ಲಾಗುತ್ತದೆ. ಇಂಥ ಮೈಯನ್ನು ರಜೆಯ ದಿನ ನೇರವಾಗಿ ಕಬಡ್ಡಿಯ ಅಂಕಣಕ್ಕೆ ಇಳಿಸಿದರೆ, ಇಲ್ಲವೆ ನಸುಕಿನಲ್ಲಿ ಎದ್ದೊಡನೆ ಅಕ್ಕಿಮೂಟೆಯ ಕೆಳಗೆ ನಿಲ್ಲಿಸಿದರೆ, ತೊಡೆ ಸೆಳೆಯುವುದೂ ಸೊಂಟ ಹಿಡಿಯುವುದೂ ಆಶ್ಚರ್ಯವಲ್ಲ. ಸೊಂಟ ಹಿಡಿದರೆ ಅಂದಿನ ಸಂಬಳ ಹೋಯಿತು. ಊರಿಗೆ ಕಳಿಸುವ ಹಣಕ್ಕೂ ಕತ್ತರಿ ಬಿತ್ತು.

ಕಾವಲಿ ಕಾಯುವ ಮೊದಲೇ ಹಿಟ್ಟು ಹೊಯ್ಯುವ ದೋಸೆಯ ಭಟ್ಟರುಂಟೇ? ಮೈಯೂ ಹಾಗೆಯೇ. ಮೆಲ್ಲನೆ ಆಡಿಸಿದಂತೆ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿದು ಅವು ಬಿಸಿಯಾಗುತ್ತವೆ. ಬಿಸಿಯಾದ ಸ್ನಾಯು ಸುಲಭವಾಗಿ ಹಿಗ್ಗುತ್ತದೆ, ಚುರುಕಾಗಿ ದುಡಿಯುತ್ತದೆ. ಆದುದರಿಂದ ಮೊದಲು ಕೆಲವು ನಿಮಿಷ ಬಿರುಸು ನಡಿಗೆ. ಬಳಿಕ ತೋಳು, ಸೊಂಟ, ಮೊಣಕಾಲುಗಳನ್ನು ನಿಧಾನವಾಗಿ ಆಡಿಸುವುದು. ಆಮೇಲೆ ದಂಡ, ಬೈಠಕ್ ಅಥವಾ ಆಟ. ತಣ್ಣನೆಯ ಮೈಯನ್ನು ಜಗ್ಗಿ ಬಹಳ ಹೊತ್ತು ಹಿಡಿದು ನಿಲ್ಲುವುದು ಆರಂಭದಲ್ಲಿ ಬೇಡ; ಅದರಿಂದ ಆ ಹೊತ್ತಿನ ಮಟ್ಟಿಗೆ ಬಲವೂ ತುಸು ತಗ್ಗುತ್ತದೆ. ಅಂಥ ಎಳೆತಕ್ಕೆ ಕೆಲಸ ಮುಗಿದು ಮೈ ಬಿಸಿಯಾಗಿರುವ ಹೊತ್ತೇ ಸರಿ. ಆಗಲೂ ನೋವಾಗುವಷ್ಟು ಜಗ್ಗಬಾರದು.

ಇದು ಸಿರಿವಂತರ ಶೋಕಿಯಲ್ಲ. ಜಪಾನಿನಲ್ಲಿ 1928ರಲ್ಲಿ ರೇಡಿಯೋದ ಸಂಗೀತಕ್ಕೆ ಮೈ ಆಡಿಸುವ ಪದ್ಧತಿ ಆರಂಭವಾಯಿತು. 1951ರಲ್ಲಿ ರೂಪುಗೊಂಡ ಅದರ ಹೊಸ ಪಾಠದಲ್ಲಿ 13 ಚಲನೆಗಳಿವೆ. ಸುಮಾರು 3 ನಿಮಿಷದ ಕೆಲಸ. ಇಂದಿಗೂ ಅಲ್ಲಿನ ಎಷ್ಟೋ ಕಾರ್ಖಾನೆಗಳಲ್ಲಿ, ಕಟ್ಟಡ ಕಟ್ಟುವ ಸ್ಥಳಗಳಲ್ಲಿ ಕೆಲಸಗಾರರು ಸಾಲಾಗಿ ನಿಂತು ಇದನ್ನು ಮುಗಿಸಿಯೇ ಕೆಲಸಕ್ಕೆ ಕೈಹಚ್ಚುತ್ತಾರೆ.

ನಮ್ಮ ಮಾಲಿಕರನ್ನು ಕೇಳುತ್ತೇವೆ: ಯಂತ್ರಕ್ಕೆ ಎಣ್ಣೆ ಬಿಡಲು ಹೊತ್ತು ಕೊಡುವ ನೀವು, ಅದನ್ನು ನಡೆಸುವವನ ಮೈಗೆ ಐದು ನಿಮಿಷ ಕೊಡಲಾರಿರಾ? ಆ ಐದು ನಿಮಿಷ ಪಾಳಿಯ ಲೆಕ್ಕದಲ್ಲೇ ಸೇರಬೇಕು. ಕೆಲಸಗಾರನ ನಿದ್ದೆಯಿಂದ ಕಡಿಯತಕ್ಕದ್ದಲ್ಲ.

ಬಂಧುಗಳೇ, ಅವರು ಒಪ್ಪುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಇದಕ್ಕೆ ಕಾಸು ಬೇಡ, ಸಲಕರಣೆ ಬೇಡ. ಚಾಪೆಯಷ್ಟು ಜಾಗ ಸಾಕು. ಒಂದೊಂದು ಕೋಣೆಯಲ್ಲಿ ಒಬ್ಬರು ಮುಂದಾಗಿ ಉಳಿದವರನ್ನು ಎಬ್ಬಿಸಲಿ. ದುಡಿಯುವವನ ಬಂಡವಾಳ ಅವನ ಮೈಯೊಂದೇ; ಅದನ್ನು ಕಾಯುವುದೂ ಸಂಘದ ಕೆಲಸವೇ.